ಇಂಡಿಯಾಕ್ಕೊಂದು ‘ಎನ್’

ತಾಲ್ಲೂಕು ಕಚೇರಿಯ ಎದುರಿಗಿರುವ ಸೈಬರ್ ಸೆಂಟರುಗಳಲ್ಲಿ ಆಗಾಗ ಕಿವಿಗೆ ಬೀಳುವ ಮಾತುಕತೆ ಇದು. ಗಲ್ಫಿಗೆ ಹೊರಟ ಹುಡುಗ, ಜೊತೆಗೆ ಅವನ ಅಪ್ಪ. ಕಂಪ್ಯೂಟರಿನ ಮುಂದೆ ಕೂತವನು ಅರ್ಜಿಯ ಒಂದೊಂದೇ ಕಾಲಂ ಓದುತ್ತ ಬಂದು ‘ನ್ಯಾಷನಾಲಿಟಿ?’ ಎಂದು ಕೇಳುತ್ತಾನೆ. ‘ಇಂಡಿಯಾ’ ಎನ್ನುತ್ತಾನೆ ಹುಡುಗ. ‘ಹಿಂದೂ ಅಂತ ಬರಿಯಪ್ಪ’ ಎನ್ನುತ್ತಾರೆ ಅಪ್ಪ. ಕೂತವನು ಇಬ್ಬರಿಗೂ ಉತ್ತರ ಕೊಡದೆ, ಇಂಡಿಯಾದ ಬಾಲಕ್ಕೊಂದು ‘ಎನ್’ ಅಂಟಿಸಿ ಮುಂದಿನ ಕಾಲಮ್ಮಿಗೆ ಹೋಗುತ್ತಾನೆ.

ಅವನು ಮಾಡಿದ್ದೇ ಸರಿ. ‘ಕಂಟ್ರಿ’ ಎಂದು ಕೇಳಿದರೆ ಇಂಡಿಯಾ, ‘ನ್ಯಾಷನಾಲಿಟಿ’ ಎಂದು ಕೇಳಿದರೆ ಇಂಡಿಯನ್. ಭಾರತದ ಪಾಸ್‌ಪೋರ್ಟಿನ ಒಳಪುಟದಲ್ಲೂ ಹಿಂದಿಯಲ್ಲಿ ‘ಭಾರತೀಯ’, ಇಂಗ್ಲಿಷಿನಲ್ಲಿ ‘ಇಂಡಿಯನ್’ ಎಂದೇ ಅಚ್ಚಾಗಿರುತ್ತದೆ. ಆನ್‌ಲೈನ್ ಅರ್ಜಿಯ ಪಟ್ಟಿಯಲ್ಲಿ ಬರೀ ದೇಶಗಳ ಹೆಸರೇ ಇದ್ದರೆ ಮಾತ್ರ ಇಂಡಿಯಾವನ್ನೇ ಒತ್ತಬೇಕು.

ಆದರೂ ಹುಡುಗನನ್ನು ದೂರುವಂತಿಲ್ಲ. ಕನ್ನಡದಲ್ಲಿ ಊರಿನ ಹೆಸರಿಗೆ ‘ಅವರು’ ಎಂದು ಸೇರಿಸಿದರೆ ಕೆಲಸ ಮುಗಿಯಿತು: ಹಾಸನದವರು, ನೇಪಾಳದವರು, ಹಾಲೆಂಡಿನವರು. ಇಂಗ್ಲಿಷಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಾಲ. ನೇಪಾಳದವರು ನೇಪಾಳಿ, ಚೀನಾದವರು ಚೈನೀಸ್, ನೆದರ್‌ಲೆಂಡ್ಸಿನವರು ಡಚ್. ನೈಜೀರಿಯಾದವರು ನೈಜೀರಿಯನ್ ಆದರೆ, ಪಕ್ಕದ ನೈಜರ್‌ನವರ ಹೆಸರಿಗೂ ಅದಕ್ಕೂ ಒಂದೇ ಒಂದು ಸ್ವರದ ವ್ಯತ್ಯಾಸ. ಡೊಮಿನಿಕಾದವರೂ ಡೊಮಿನಿಕನ್ ರಿಪಬ್ಲಿಕ್‌ನವರೂ ಕಾಗುಣಿತದಲ್ಲಿ ಒಂದೇ. ಅಫ್ಘಾನಿಸ್ತಾನದವರು ಅಫ್ಘಾನ್, ಅಫ್ಘಾನಿ ಎಂದರೆ ಅವರ ಜೇಬಿನಲ್ಲಿರುವ ನೋಟು.

ಇಷ್ಟೆಲ್ಲ ನಿಯಮ ಹೇಳುವವರೂ ಅದನ್ನು ಪಾಲಿಸುವುದಿಲ್ಲ. ಅಮೆರಿಕದ ಪಾಸ್‌ಪೋರ್ಟಿನ ನ್ಯಾಷನಾಲಿಟಿ ಕಾಲಮ್ಮಿನಲ್ಲಿ ‘ಅಮೆರಿಕನ್’ ಎಂದಿಲ್ಲ. ‘ಯುನೈಟೆಡ್ ಸ್ಟೇಟ್ಸ್ ಆಫ್ ಅಮೆರಿಕ’ ಎಂದು ದೇಶದ ಪೂರ್ತಿ ಹೆಸರೇ ಇದೆ.

ಅಪ್ಪನ ಉತ್ತರವೂ ತೀರಾ ಹೊರಗಿನದಲ್ಲ. ಸಿಂಧು ನದಿಯ ಹೆಸರು ಪರ್ಷಿಯನ್ನರ ಬಾಯಲ್ಲಿ ‘ಹಿಂದು’ ಆಯಿತು. ಗ್ರೀಕರು ಆ ಹಕಾರವನ್ನೂ ಬಿಟ್ಟು ‘ಇಂಡೋಸ್’ ಎಂದರು, ಅದರಿಂದ ‘ಇಂಡಿಯಾ’ ಬಂತು. ಬೇರೆ ಬೇರೆ ಕಾಲಮ್ಮುಗಳಲ್ಲಿ ಕೂರುವ ಹಿಂದೂ, ಇಂಡಿಯನ್ ಎರಡೂ ಒಂದೇ ಹೊಳೆಯ ನೀರು.

ಇದಕ್ಕಿಂತ ಸೋಜಿಗದ ನೆಂಟಸ್ತಿಕೆ ಶಾಲೆಯ ದಾಖಲಾತಿ ಅರ್ಜಿಯಲ್ಲಿದೆ. ಅಲ್ಲಿ ರಾಷ್ಟ್ರೀಯತೆ, ಧರ್ಮ, ಜಾತಿ ಒಟ್ಟೊಟ್ಟಿಗೆ ಬರುತ್ತವೆ. ‘ನೇಷನ್’ ಎಂಬುದರ ಲ್ಯಾಟಿನ್ ಮೂಲಕ್ಕೆ ‘ಹುಟ್ಟು’ ಎಂದರ್ಥ. ಸಂಸ್ಕೃತದ ‘ಜನ್’ ಧಾತುವೂ ಅದೇ ಬೇರಿನದು. ಆ ‘ಜನ್’ನಿಂದಲೇ ‘ಜಾತಿ’ ಬಂದದ್ದು. ಅಂದರೆ ಅರ್ಜಿಯ ಮೊದಲ ಪ್ರಶ್ನೆಯೂ ಮೂರನೆಯದೂ ಒಡಹುಟ್ಟಿದವು. ಬಂಗಾಳಿಯಲ್ಲಂತೂ ಇಬ್ಬರೂ ಒಂದಾಗಿಯೇ ಬಿಟ್ಟಿದ್ದಾರೆ. ಬಾಂಗ್ಲಾದೇಶದ ಅರ್ಜಿಗಳಲ್ಲಿ ನ್ಯಾಷನಾಲಿಟಿಗೆ ಇರುವ ಪದ ‘ಜಾತೀಯತಾ’. ಕನ್ನಡಿಗನೊಬ್ಬ ಅದನ್ನು ಓದಿದರೆ, ‘ನಿಮ್ಮಲ್ಲಿ ಜಾತೀಯತೆ ಎಷ್ಟಿದೆ?’ ಎಂದು ಸರ್ಕಾರವೇ ಕೇಳುತ್ತಿದೆ ಎಂದುಕೊಂಡಾನು. ಅಲ್ಲಿನವರಿಗೂ ಆ ಕಾಲಂ ಸಲೀಸಾಗಿರಲಿಲ್ಲ. 1972ರ ಸಂವಿಧಾನ ಅವರನ್ನು ಬಂಗಾಳಿ ಎಂದಿತು, ಮುಂದೆ ಅದು ಬಾಂಗ್ಲಾದೇಶಿ ಆಯಿತು. 2011ರ ತಿದ್ದುಪಡಿ ಜನಾಂಗವಾಗಿ ಬಂಗಾಳಿ, ಪೌರರಾಗಿ ಬಾಂಗ್ಲಾದೇಶಿ ಎಂದು ಎರಡನ್ನೂ ಉಳಿಸಿಕೊಂಡಿತು.

ಕನ್ನಡ ನಾಡಿನಲ್ಲೂ ಈ ಕಾಲಮ್ಮಿಗೆ ಒಂದೇ ಉತ್ತರ ಇರಲಿಲ್ಲ. 1947ಕ್ಕೆ ಮೊದಲು ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ ಹುಟ್ಟಿದವನು ಕಾನೂನಿನ ಲೆಕ್ಕದಲ್ಲಿ ‘ಬ್ರಿಟಿಷ್ ಸಬ್ಜೆಕ್ಟ್’, ಅಂದರೆ ದೊರೆಯ ಪ್ರಜೆ. ಪಕ್ಕದ ಚಿತ್ರದುರ್ಗ ಮೈಸೂರು ಸಂಸ್ಥಾನದ್ದು. ಅಲ್ಲಿಯವನು ಬರೀ ‘ಬ್ರಿಟಿಷ್ ಪ್ರೊಟೆಕ್ಟೆಡ್ ಪರ್ಸನ್’, ಬ್ರಿಟಿಷರ ರಕ್ಷಣೆಯಲ್ಲಿರುವವನು. ಹೆಣ್ಣು ಕೊಟ್ಟು ತರುತ್ತಿದ್ದ ಬೀಗರಿಬ್ಬರು ಹಡಗು ಹತ್ತುವಾಗ ಬೇರೆ ಬೇರೆ ಜನ! ಸಂವಿಧಾನದ ಹೆಚ್ಚಿನ ಭಾಗ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಆದರೆ ಯಾರು ಭಾರತದ ಪೌರರು ಎಂದು ಹೇಳುವ 5ರಿಂದ 9ರವರೆಗಿನ ವಿಧಿಗಳು ಅಷ್ಟು ದಿನ ಕಾಯಲಿಲ್ಲ, 1949ರ ನವೆಂಬರ್ 26ರಂದೇ ಜಾರಿಗೆ ಬಂದವು.

ಕೊಟ್ಟ ‘ಎನ್’ ಕಳಚುವುದೂ ಉಂಟು. ಬೇರೆ ದೇಶದ ಪೌರತ್ವವನ್ನು ತಾನಾಗಿ ಪಡೆದವರು ಭಾರತದ ಪೌರತ್ವ ಕಳೆದುಕೊಳ್ಳುತ್ತಾರೆ. ಆಮೇಲೆ ಸಿಗುವ ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡಿನಲ್ಲಿ ‘ಸಿಟಿಜನ್’ ಎಂಬ ಪದ ಇದ್ದರೂ ಮತ ಹಾಕುವ ಹಕ್ಕಿಲ್ಲ. ಅದನ್ನು ನಂಬಿ ಅರ್ಜಿಯಲ್ಲಿ ‘ಇಂಡಿಯನ್’ ಎಂದು ಬರೆದರೆ ಅದು ತಪ್ಪು ಮಾಹಿತಿ. ಶಿವಮೊಗ್ಗದಲ್ಲಿ ಹುಟ್ಟಿ ನ್ಯೂಜೆರ್ಸಿಯಲ್ಲಿ ಪೌರತ್ವದ ಪ್ರಮಾಣ ಮಾಡಿದವರು ತಮ್ಮ ಹೊಸ ನೀಲಿ ಪಾಸ್‌ಪೋರ್ಟ್ ಬಿಚ್ಚಿ ನೋಡಿದರೆ, ನ್ಯಾಷನಾಲಿಟಿ ಕಾಲಮ್ಮಿನಲ್ಲಿ ಹಳೆಯ ಪದ ಇರುವುದಿಲ್ಲ. ವಿದೇಶದಲ್ಲಿ ಹುಟ್ಟಿದವರಿಗೆ ಅಮೆರಿಕ ಊರಿನ ಹೆಸರು ಹಾಕುವುದಿಲ್ಲವಾದ್ದರಿಂದ ಶಿವಮೊಗ್ಗವೂ ಇರುವುದಿಲ್ಲ. ಹುಟ್ಟಿದ ಸ್ಥಳ ಎಂಬಲ್ಲಿ ಒಂದೇ ಪದ ಇರುತ್ತದೆ, ಸೈಬರ್ ಸೆಂಟರಿನಲ್ಲಿ ಆ ಹುಡುಗ ಹೇಳಿದ್ದೇ: ಇಂಡಿಯಾ.