ಮುಯ್ಯಾಳಿನಿಂದ ಮುಳುಗಡೆಯವರೆಗೆ

ಕಥೋಲಿಕ ಧರ್ಮಸಭೆಯ ಸಾಮಾಜಿಕ ಬೋಧನೆಯಲ್ಲಿ ಒಗ್ಗಟ್ಟು ಎಂದರೆ ಬಡವರನ್ನು ಕಂಡು ಮರುಗುವುದಷ್ಟೇ ಅಲ್ಲ, ಅವರ ಹೊಣೆಯಲ್ಲಿ ಪಾಲು ತೆಗೆದುಕೊಳ್ಳುವುದು. ಹಗರೆ, ಹಳೇಬೀಡು, ಬೇಲೂರು ಸೇರಿದ ಹಾಸನ ಸೀಮೆಯ ಬೇಸಾಯಗಾರರಿಗೆ ಇದರ ಒಂದು ಮುಖ ಮೊದಲೇ ಗೊತ್ತಿತ್ತು. ಅದು ಮುಯ್ಯಾಳು. ರಾಗಿ ಕೊಯ್ಲಿಗೆ ಇವತ್ತು ನಾಲ್ಕು ಮನೆಯವರು ಒಬ್ಬನ ಹೊಲಕ್ಕಿಳಿದರೆ, ನಾಳೆ ಅವನು ಅವರ ಹೊಲದಲ್ಲಿ ಕುಡುಗೋಲು ಹಿಡಿಯುತ್ತಾನೆ. ಕೂಲಿಯಿಲ್ಲ, ಮಧ್ಯಾಹ್ನದ ಮುದ್ದೆ ಸಾರು ಹೊಲದವನದು. ಆದರೆ ತೀರಿಸಲು ಸ್ವಂತ ಹೊಲವೇ ಇಲ್ಲದವನು ಈ ಲೆಕ್ಕದ ಹೊರಗೇ ಉಳಿದ. ಧರ್ಮಸಭೆಯ ಬೋಧನೆ ಮುಯ್ಯಿಯನ್ನು ಮೀರುವುದು ಇಲ್ಲಿಯೇ: ಹಿಂದಿರುಗಿಸಲಾರದವನೂ ಅದರಲ್ಲಿ ಪಾಲುದಾರ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಎದುರಿಸಿದ್ದು ಅಂಥವರನ್ನೇ. ಚದುರಿ ಬಡವಾಗಿದ್ದ ಕ್ರೈಸ್ತರಿಗೆ ಆತ ಬೇಸಾಯದ ನೆಲೆಗಳನ್ನು ಕಟ್ಟಿಕೊಟ್ಟ, ಸಿಡುಬಿಗೆ ಲಸಿಕೆ ಹಾಕಿಸಿದ. ದಾನ ಕೊಟ್ಟು ಹೋಗದೆ ಉಳುಮೆಗೆ ನೆಲ ಒದಗಿಸಿದ್ದು ಆತನ ದೊಡ್ಡ ಕೆಲಸ.

ರೋಮ್ ಇದನ್ನು ಬೋಧನೆಯಾಗಿ ಬರೆದದ್ದು ಆಮೇಲೆ. ಪೋಪ್ ಹದಿಮೂರನೇ ಲಿಯೊ 1891ರ ‘ರೇರುಮ್ ನೊವಾರುಮ್’ ಪರಿಪತ್ರದಲ್ಲಿ ಕೂಲಿಕಾರರ ನ್ಯಾಯವಾದ ಕೂಲಿಗೂ ಸಂಘಕ್ಕೂ ದನಿಯಾದರು. ಅವರು ‘ಸ್ನೇಹ’ ಎಂದದ್ದನ್ನು ಹನ್ನೊಂದನೇ ಪಿಯುಸ್ ‘ಸಾಮಾಜಿಕ ಪ್ರೀತಿ’ ಎಂದರು. 1987ರಲ್ಲಿ ಎರಡನೇ ಜಾನ್ ಪಾಲ್ ಅದನ್ನು ಒಗ್ಗಟ್ಟು ಎಂದು ಹೆಸರಿಸಿ, ಅದು ಮರುಕವಲ್ಲ, ಎಲ್ಲರ ಒಳಿತಿಗೆ ಬಿಡದೆ ದುಡಿಯುವ ಸಂಕಲ್ಪ ಎಂದು ವಿವರಿಸಿದರು. 

ಈ ಒಗ್ಗಟ್ಟಿನ ಕಠಿಣ ಪರೀಕ್ಷೆ ಹಾಸನ ಸೀಮೆಗೆ ಬಂದದ್ದು ಅದಕ್ಕೂ ಮೊದಲೇ, ಹೇಮಾವತಿ ದಂಡೆಯಲ್ಲಿ. ಬೇಲೂರಿನ ಕಡೆಯಿಂದ ಹರಿದು ಬರುವ ಯಗಚಿ ಹೇಮಾವತಿಯನ್ನು ಕೂಡುವುದು ಗೊರೂರಿನ ಬಳಿ. ಅಲ್ಲಿ 1979ರಲ್ಲಿ ಅಣೆಕಟ್ಟು ಮುಗಿದಾಗ ಹಿನ್ನೀರು ಹಳ್ಳಿಗಳನ್ನು ನುಂಗಿತು. ಶೆಟ್ಟಿಹಳ್ಳಿಯ ಜನ ಬೇರೆಡೆ ನೆಲೆಸಬೇಕಾಯಿತು; 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚ್ ಅಲ್ಲೇ ನಿಂತಿತು. ಮಳೆಗಾಲದಲ್ಲಿ ಕಮಾನುಗಳ ನಡುವೆ ನೀರು, ಬೇಸಿಗೆಯಲ್ಲಿ ಒಡೆದ ಕೆಸರು. ಚಾವಣಿ ಎಂದೋ ಹೋಗಿದೆ. ನೋಡಲು ಬರುವವರು ಗೋಡೆಗಳ ಚಿತ್ರ ತೆಗೆದುಕೊಳ್ಳುತ್ತಾರೆ. ಆ ನೆಲ ಉತ್ತವರ ಸುದ್ದಿ ಕೇಳುವವರು ಕಡಿಮೆ. ಹಿಂದೂಗಳು, ಕ್ರೈಸ್ತರೆನ್ನದೆ ಅವರೆಲ್ಲ ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರು ಇಂದು ಕಾಲುವೆಗಳಲ್ಲಿ ಹಾಸನ, ಮಂಡ್ಯ, ತುಮಕೂರಿನ ಹೊಲಗಳಿಗೆ ಹರಿಯುತ್ತಿದೆ. ಆ ಮುಯ್ಯಿ ಇನ್ನೂ ತೀರಿಲ್ಲ.