ಕಂದಾಯದ ನ್ಯಾಯ, ವರಮಾನದ ನ್ಯಾಯ

ಸರಕಾರವು ಒಬ್ಬ ಗೃಹಸ್ಥನಿಂದ ತೆರಿಗೆ ಕೇಳುವುದಾದರೆ ಅವನ ಹೊಲಮನೆಗಳನ್ನು ನೋಡಿ ಕೇಳಬೇಕೋ, ಆ ವರ್ಷ ಅವನ ಕೈಸೇರಿದ ವರಮಾನವನ್ನು ನೋಡಿ ಕೇಳಬೇಕೋ? ವಾಚಕ ಮಹಾಶಯರೇ, ಇದನ್ನು ಪಂಡಿತರ ಒಣ ಚರ್ಚೆಯೆಂದು ತಿಳಿಯಬೇಡಿರಿ. ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯ ಹಿರಿಯರು ಈ ಪ್ರಶ್ನೆಗೆ ತಮ್ಮ ಕಣದ ರಾಶಿಯನ್ನೂ, ಕೆಲವರು ಪ್ರಾಣವನ್ನೂ ತೆತ್ತಿದ್ದಾರೆ.

ಈ ಸೀಮೆಯ ನೆಲವೇ ವಿಚಿತ್ರವಾದುದು. ತರೀಕೆರೆಯ ಕಡೆ ಗದ್ದೆ ಮತ್ತು ಅಡಿಕೆಯ ತೋಟ. ಅಜ್ಜಂಪುರದ ಸುತ್ತ ಎರೆಯ ಭೂಮಿ. ಕಡೂರಿನ ಬಯಲಿನಲ್ಲಿ ಮುಗಿಲನ್ನೇ ನಂಬಿದ ಖುಷ್ಕಿ. ಕಂದಾಯದ ಲೆಕ್ಕವು ನೆಲವನ್ನು ಖುಷ್ಕಿ, ತರಿ, ಬಾಗಾಯಿತು ಎಂದು ವಿಂಗಡಿಸಿ, ಅದು ಎಷ್ಟು ಕೊಡಬಲ್ಲುದು ಎಂಬುದರ ಮೇಲೆ ನಿಂತಿರುತ್ತದೆ. ಎಷ್ಟು ಕೊಟ್ಟಿತು ಎಂಬುದನ್ನು ಅದು ಕೇಳುವುದಿಲ್ಲ. ಕಂದಾಯದ ಬಲವೂ ಕುರುಡುತನವೂ ಇಲ್ಲಿಯೇ ಇದೆ. ಹಣವನ್ನು ಬಚ್ಚಿಡಬಹುದು, ಹೊಲವನ್ನು ಬಚ್ಚಿಡಲಾಗದು. ಆದರೆ ಮಳೆ ಬಾರದ ವರ್ಷವೂ ಹೊಲವು ಅಲ್ಲಿಯೇ ಬಿದ್ದಿರುತ್ತದೆ.

ಹಾಗಾದರೆ ಬೆಳೆದುದರಲ್ಲಿ ಪಾಲು ಕೇಳುವುದೇ ನ್ಯಾಯವಲ್ಲವೆ ಎಂದು ತಾವು ಕೇಳಬಹುದು. ಅದನ್ನೂ ನಮ್ಮ ನಾಡು ಕಂಡಿದೆ. ಬಟಾಯಿ ಎಂಬ ಹೆಸರಿನಿಂದ, ಮೈಸೂರು ಸಂಸ್ಥಾನದ ಹಲವೆಡೆ ಬೆಳೆಯನ್ನೇ ಹಂಚಿಕೊಳ್ಳುವ ಪದ್ಧತಿಯಿತ್ತು. ಹೆಚ್ಚು ಬೆಳೆದರೆ ಹೆಚ್ಚು, ಕಡಿಮೆ ಬೆಳೆದರೆ ಕಡಿಮೆ. ಇದು ಒಂದು ಬಗೆಯ ವರಮಾನ ತೆರಿಗೆಯೇ ಸರಿ. ಆದರೆ ಪಾಲನ್ನು ಅಳೆಯಬೇಕಾದರೆ ಅಧಿಕಾರಿಯು ಕಣಕ್ಕೆ ಬರಬೇಕು. ಅವನು ಬರುವವರೆಗೆ ರಾಶಿಗೆ ಮುದ್ರೆ ಒತ್ತಿ, ಕಾವಲಿಟ್ಟು ಕಾಯಬೇಕು. ಮಳೆಯಲ್ಲಿ ನೆನೆಯುವುದು, ಇಲಿ ಹೆಗ್ಗಣಗಳು ತಿನ್ನುವುದು, ಬಂದವರ ಕೈ ಬೆಚ್ಚಗೆ ಮಾಡುವುದು, ಎಲ್ಲವೂ ರೈತನ ಪಾಲಿನಿಂದಲೇ. ಕಾಗದದ ಮೇಲೆ ಇಷ್ಟು ನ್ಯಾಯವಾದ ತೆರಿಗೆಯು ಕಣದಲ್ಲಿ ಹೀಗಾಗುತ್ತಿತ್ತು.

ನೆರೆಯ ಕೆಳದಿ ಸಂಸ್ಥಾನದ ಶಿವಪ್ಪನಾಯಕನು 17ನೆಯ ಶತಮಾನದಲ್ಲಿ ಈ ತೊಡಕಿಗೆ ಒಂದು ದಾರಿ ಕಂಡುಕೊಂಡನು. ಒಂದೊಂದು ಬಗೆಯ ಭೂಮಿಯನ್ನು ಆರಿಸಿ, ಐದು ವರ್ಷ ತನ್ನ ಖರ್ಚಿನಲ್ಲಿಯೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಫಸಲು ಇವುಗಳ ಲೆಕ್ಕವಿಡಿಸಿ, ಸರಾಸರಿ ಉತ್ಪನ್ನದ ಮೂರರಲ್ಲೊಂದು ಪಾಲನ್ನು ಶಿಸ್ತೆಂದು ಗೊತ್ತುಮಾಡಿದನೆಂದು ಪ್ರಸಿದ್ಧಿಯಿದೆ. ತೆರಿಗೆ ನೆಲದ ಮೇಲೆ, ಅಳತೆ ಮಾತ್ರ ವರಮಾನದ್ದು. ಮೂರರಲ್ಲೊಂದು ಪಾಲು ಹಗುರವೇನಲ್ಲ. ಆದರೂ ಕೊಡಬೇಕಾದುದೆಷ್ಟೆಂದು ರೈತನಿಗೆ ಮೊದಲೇ ತಿಳಿದಿರುತ್ತಿತ್ತು.

ತಿಳಿಯದಿದ್ದರೆ ಏನಾಗುತ್ತದೆ ಎಂಬುದನ್ನು 1830 ತೋರಿಸಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಶರತ್ತಿನ ಪದ್ಧತಿ ಬಳಕೆಗೆ ಬಂದಿತ್ತು. ತಾಲ್ಲೂಕಿನಿಂದ ಇಂತಿಷ್ಟು ಹಣ ಸಲ್ಲಿಸುವೆನೆಂದು ಅಮಲ್ದಾರನು ಶರತ್ತು ಬರೆದುಕೊಡಬೇಕು. ವಸೂಲಿ ಕಡಿಮೆಯಾದರೆ ಅವನೇ ತುಂಬಬೇಕು, ಹೆಚ್ಚಾದರೆ ಸರಕಾರಕ್ಕೆ ಸಲ್ಲಬೇಕು. ಹೀಗೆ ಬರೆದುಕೊಟ್ಟವನು ನೆಲವನ್ನೂ ನೋಡುವುದಿಲ್ಲ, ಬೆಳೆಯನ್ನೂ ನೋಡುವುದಿಲ್ಲ. ತನ್ನ ಶರತ್ತನ್ನು ಮಾತ್ರ ನೋಡುತ್ತಾನೆ. ನಗರದ ಸೀಮೆಯ ರೈತರು ಕೂಟ ಕಟ್ಟಿದರು, ಕಂದಾಯ ಕೊಡೆವೆಂದರು. ಬೂದಿ ಬಸವಪ್ಪನು ತಾನೇ ನಗರದ ಅರಸುಮನೆತನದವನೆಂದು ಹೇಳಿಕೊಂಡು ಮುಂದೆ ನಿಂತನು. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನು ಮೈಸೂರನ್ನು ತೊರೆದು ಬಂದು ದಂಗೆಯನ್ನು ಸೇರಿದನು. ಪಾಳೆಯಗಾರನಿಗೆ ಕಳೆದುಹೋದ ಸೀಮೆಯ ಆಸೆ, ರೈತನಿಗೆ ರಾಶಿಯ ಚಿಂತೆ. ಇಬ್ಬರ ಗುರಿಯೂ ಒಂದೇ ಆಗಿತ್ತೆಂದು ಹೇಳುವವರೊಡನೆ ನಾನು ಒಪ್ಪಲಾರೆ. ದಂಗೆಯನ್ನು ಸೈನ್ಯ ಅಡಗಿಸಿತು. 1831ರಲ್ಲಿ ರಾಜ್ಯದ ಆಡಳಿತವು ಇಂಗ್ಲಿಷರ ಕೈಗೆ ಹೋಗಿ, ಐವತ್ತು ವರ್ಷಗಳ ತರುವಾಯ 1881ರಲ್ಲಿ ಒಡೆಯರಿಗೆ ಮರಳಿತು.

ಕಮಿಷನರಾದ ಮಾರ್ಕ್ ಕಬ್ಬನ್ನರ ಕಾಲದಲ್ಲಿ 769 ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಲಾಯಿತೆಂದು ದಾಖಲೆಯಿದೆ. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ, ತಲೆ ಬೋಳಿಸಿದರೆ ತೆರಿಗೆ! ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಪೂರ್ವಜರು ಹುಡುಕಿಕೊಡಲಿಲ್ಲವೆಂದು ಒಂದು ಹಳ್ಳಿಯವರು ಹಣ ತೆರುತ್ತಿದ್ದರಂತೆ. ಇವು ಆಸ್ತಿಯ ಮೇಲಿನವೂ ಅಲ್ಲ, ವರಮಾನದ ಮೇಲಿನವೂ ಅಲ್ಲ. ಬಟಾಯಿಯೂ ಕ್ರಮೇಣ ನಗದು ಕಂದಾಯವಾಗಿ ಮಾರ್ಪಟ್ಟಿತು. 1863ರಿಂದ ಮೊದಲಾದ ಸರ್ವೆಯು ಮಣ್ಣಿನ ಗುಣ, ನೀರಿನ ಅನುಕೂಲ, ಪೇಟೆಯ ದೂರ ಇವುಗಳನ್ನು ನೋಡಿ ಮೂವತ್ತು ವರ್ಷಗಳ ದರವನ್ನು ನಿಗದಿಮಾಡಿತು.

ಕಂದಾಯದ ಕುರುಡುತನ ಮಾತ್ರ ಉಳಿದೇ ಇತ್ತು. ಧಾತು, ಈಶ್ವರ ಸಂವತ್ಸರಗಳ ಬರ, ಎಂದರೆ 1876ರಿಂದ 1878ರವರೆಗಿನದು, ಸಂಸ್ಥಾನವನ್ನೇ ಬರಿದು ಮಾಡಿತು. 1871ರಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಇಂಥ ಕಾಲದಲ್ಲಿ ರೈತನಿಗೆ ಕಂದಾಯದ ದರಕ್ಕಿಂತ ಮಾಫಿಯೇ ಮುಖ್ಯ. ಮಾಫಿಯು ಸಕಾಲದಲ್ಲಿ, ಬೇಡಿಕೊಳ್ಳದೆ ದೊರೆಯುವುದಾದರೆ ನಿಗದಿಯಾದ ಕಂದಾಯವೇ ಬಟಾಯಿಗಿಂತ ಲೇಸೆಂಬುದು ನನ್ನ ಎಣಿಕೆ.

ಇಲ್ಲಿ ಮಠದ ಭಕ್ತರಿಗೆ ಅಪ್ರಿಯವಾಗಬಹುದಾದ ಒಂದು ಮಾತು. ಮಠ, ದೇವಾಲಯಗಳಿಗೆ ಬಿಟ್ಟ ಇನಾಮು ಭೂಮಿಗೆ ಕಂದಾಯವು ಇರಲಿಲ್ಲ ಅಥವಾ ಅಲ್ಪವಾಗಿತ್ತು. ಅಲ್ಲಿ ದಾಸೋಹ ನಡೆಯಿತು, ವಿದ್ಯಾರ್ಥಿಗಳು ಉಂಡರು, ನಿಜ. ಆದರೆ ಆ ನೆಲವು ತೆರದ ಭಾರ ಪಕ್ಕದ ಹೊಲದವನ ಮೇಲೆ ಬೀಳಲಿಲ್ಲವೆಂದು ಹೇಳುವಂತಿಲ್ಲ. 1955ರ ಧಾರ್ಮಿಕ ಇನಾಮು ರದ್ದತಿಯ ಶಾಸನವು ಆ ಅಧ್ಯಾಯವನ್ನು ಮುಗಿಸಿತು.

ಹೊಸ ಬಗೆಯ ವರಮಾನ ತೆರಿಗೆಯು ಭಾರತಕ್ಕೆ ಬಂದುದು 1860ರಲ್ಲಿ, ಜೇಮ್ಸ್ ವಿಲ್ಸನ್ನರ ಕೈಯಿಂದ. 1886ರ ಶಾಸನ ಬೇಸಾಯದ ವರಮಾನವನ್ನು ಹೊರಗಿಟ್ಟಿತು. ನೆಲ ಕಂದಾಯ ತೆರುತ್ತಿದೆಯಲ್ಲ ಎಂಬುದು ಅದರ ಸಮರ್ಥನೆ. ಸಂವಿಧಾನವೂ ಬೇಸಾಯದ ವರಮಾನವನ್ನು ರಾಜ್ಯಗಳಿಗೇ ಬಿಟ್ಟಿತು. ಅಂತೆಯೇ 1957ರಲ್ಲಿ ಮೈಸೂರು ರಾಜ್ಯವು ಕೃಷಿ ವರಮಾನ ತೆರಿಗೆಯ ಶಾಸನ ಮಾಡಿತು. ಇಂದು ಭೂಕಂದಾಯ ಅತ್ಯಲ್ಪ. ಅದು ಅಲ್ಪವಾದ ಮೇಲೆ ಹಳೆಯ ಸಮರ್ಥನೆಯೂ ಸಡಿಲವಾಯಿತು. ಗುಮಾಸ್ತನ ಸಂಬಳದಿಂದ ತೆರಿಗೆ ಮುರಿಯುವಾಗ ದೊಡ್ಡ ತೋಟದೊಡೆಯನು ನಿಶ್ಚಿಂತನಾಗಿರುವುದು ಯಾವ ನ್ಯಾಯ? ಆದರೆ ನೀರಿಲ್ಲದೆ ತೆಂಗು ಒಣಗಿದ ಕಡೂರಿನ ರೈತನ ಲೆಕ್ಕವನ್ನು ಯಾರು ಬರೆಯುವರು, ಯಾರು ನಂಬುವರು? ಕಣದ ಮುದ್ರೆಯ ಪ್ರಶ್ನೆಯೇ ಮತ್ತೆ ಎದುರಾಗುತ್ತದೆ.

ಊರಿನ ಮನೆಗಳಿಗೂ ಇದೇ ಮಾತು. ಪುರಸಭೆಯ ಆಸ್ತಿ ತೆರಿಗೆಯು ನಿವೇಶನ, ಕಟ್ಟಡಗಳ ಮಾರ್ಗಸೂಚಿ ಬೆಲೆಯನ್ನು ಅನುಸರಿಸುತ್ತದೆ. ಮಾಲೀಕನೇ ಲೆಕ್ಕ ಹಾಕಿ ಕಟ್ಟಬೇಕಾದುದರಿಂದ ಅಧಿಕಾರಿಯ ಕಾಟ ತಗ್ಗಿದೆ. ಆದರೆ ತರೀಕೆರೆಯ ಪೇಟೆಯ ಹಳೆಯ ಮನೆಯಲ್ಲಿ ಒಬ್ಬಳೇ ಇರುವ ವೃದ್ಧೆಗೂ, ಅಂಥದೇ ಪಕ್ಕದ ಮನೆಯಲ್ಲಿರುವ ಅಡಿಕೆ ವರ್ತಕನಿಗೂ ಬರುವ ಲೆಕ್ಕ ಒಂದೇ. ಬೀದಿಯ ಬೆಲೆ ಏರಿದಂತೆ ಅವಳ ತೆರಿಗೆಯೂ ಏರುತ್ತದೆ, ಅವಳ ಪಿಂಚಣಿ ಏರಲಿ, ಏರದಿರಲಿ.