ಅಡಗಿಮನಿ ಕ್ಯಾಲೆಂಡರಿನಾಗ ಸರಕಾರದ ತಿಥಿ

ನಮ್ಮ ಅಡಗಿಮನಿ ಗ್ವಾಡಿಗೆ ಅವ್ವ ಹುಬ್ಬಳ್ಳಿಯಿಂದ ಕಳಿಸಿದ ಕ್ಯಾಲೆಂಡರ್ ಅದ. ಏಕಾದಶಿ, ಅಮಾಸಿ ನಡುವ ನಾ ಕೆಂಪು ಪೆನ್ನಿಲೆ ಅಮೆರಿಕಾ ಸರಕಾರದ ತಿಥಿಗಳನ್ನೂ ಬರದಿಟ್ಟೀನಿ. ಹೋದ ವರ್ಷ ಮನಿ ಬದಲಿಸಿದಾಗ ಹಾಲುಕ್ಕಿಸೋದು ಮರೀಲಿಲ್ಲ, ಸರಕಾರಕ್ಕ ಹೊಸ ವಿಳಾಸ ತಿಳಿಸೋದು ಮರತೆ. ಹತ್ತು ದಿನದಾಗ ತಿಳಿಸಬೇಕು. ನೆನಪಾದದ್ದು ಹದಿಮೂರನೇ ದಿನ.

"ಏನ್ರೀ, ನಮ್ಮನ್ನ ಹೊರಗ ಹಾಕ್ತಾರೇನು?" ಅಂದೆ. ಇವರು ಊಟ ಬಿಟ್ಟು ಕೂತು ಅರ್ಜಿ ಕಳಿಸಿದರು. ಏನೂ ಆಗಲಿಲ್ಲ ಖರೆ, ಆದ್ರ ಈ ಹತ್ತು ದಿನ ಎಲ್ಲಿಂದ ಬಂತು ಅನ್ನೋದು ತಲ್ಯಾಗ ಕೂತಬಿಟ್ಟಿತು.

ಹುಡುಕಿದ್ರ ಬೇರು 1940ರಾಗ ಸಿಕ್ತು. ಯುರೋಪಿನಾಗ ಯುದ್ಧ ನಡದಿತ್ತು, ಇಲ್ಲೆ ಪರದೇಶದವರ ಮ್ಯಾಲೆ ಸಂಶಯ. ಆ ವರ್ಷದ ಕಾಯಿದೆ ಪ್ರಕಾರ ಪೌರರಲ್ಲದ, 14 ವರ್ಷ ತುಂಬಿದವರೆಲ್ಲ ಅಂಚೆ ಕಚೇರಿಗೆ ಹೋಗಿ ಹೆಸರು ಬರಸಿ ಬೆರಳಚ್ಚು ಕೊಡಬೇಕಿತ್ತು. ಆಗಸ್ಟ್ 27ಕ್ಕ ಶುರು, ಡಿಸೆಂಬರ್ 26ಕ್ಕ ಗಡುವು. ಕ್ಯಾಲಿಫೋರ್ನಿಯಾದಾಗ ಒಕ್ಕಲುತನ ಮಾಡ್ತಿದ್ದ ಪಂಜಾಬಿ ಮಂದಿಗೂ ಅದು ತಪ್ಪಲಿಲ್ಲ. ಅವರೊಳಗ ಎಷ್ಟೋ ಮಂದಿ ಇಪ್ಪತ್ತು ಮೂವತ್ತು ವರ್ಷ ಇಲ್ಲೇ ದುಡದವರು. ಆದ್ರ ಭಗತ್ ಸಿಂಗ್ ಥಿಂಡ್ ಪ್ರಕರಣದಾಗ ಸುಪ್ರೀಂ ಕೋರ್ಟು 1923ರಲ್ಲೇ ಭಾರತೀಯರಿಗೆ ಪೌರತ್ವ ಇಲ್ಲ ಅಂದಿತ್ತು. 1946ರಾಗ ಕಾನೂನು ಬದಲಾಗೋ ತನಕ ಅವರು ಕಾಗದದ ಮ್ಯಾಲೆ ನಿನ್ನೆ ಬಂದವರಂಗ ಪರದೇಶಿಗಳೇ. ನನ್ನ ಹದಿಮೂರು ದಿನದ ಅಂಜಿಕಿ ಅವರ ಮುಂದ ಏನೂ ಅಲ್ಲ.

ಆಗ ಮನಿ ಬದಲಿಸಿದ್ರ ಐದೇ ದಿನದಾಗ ತಿಳಿಸಬೇಕಿತ್ತು. 1952ರ ಕಾಯಿದೆ ಅದನ್ನ ಹತ್ತು ಮಾಡ್ತು. ಆದ್ರ ಆ ಕಾಲದಾಗ ಇನ್ನೊಂದು ಕಾಟ ಇತ್ತು: ಮನಿ ಬದಲಿಸಲಿ ಬಿಡಲಿ, ವರ್ಷಾ ಜನವರಿಯಾಗ ವಿಳಾಸದ ಕಾರ್ಡು ತುಂಬಬೇಕು. 1965ರ ಕಾನೂನಿನ ನಂತರ ಬಂದ ನಮ್ಮ ಡಾಕ್ಟರು, ಇಂಜಿನಿಯರುಗಳ ಮನ್ಯಾಗ ಸಂಕ್ರಾಂತಿ ಎಳ್ಳಿನ ಜೋಡಿ ಇದೂ ಒಂದು ಆಚರಣಿ ಆಗಿರಬೇಕು! 1981ರಾಗ ಅದನ್ನ ತಗದರು.

ಮಗಗ ಈ ಶ್ರಾವಣದಾಗ 14 ತುಂಬತಾವ. ತುಂಬಿದ 30 ದಿನದಾಗ ಅವನ ಗ್ರೀನ್ ಕಾರ್ಡಿಗೆ ಮತ್ತ ಅರ್ಜಿ ಹಾಕಿ ಬೆರಳಚ್ಚು ಕೊಡಸಬೇಕು. ಆ 14 ಸುದ್ದಾ 1940ರದೇ.

ನಿನ್ನೆ ಅವ್ವ ಫೋನಿನಾಗ, "ಹುಡುಗನ ಹುಟ್ಟಹಬ್ಬಕ್ಕ ಏನ್ ಮಾಡ್ತೀಯವಾ?" ಅಂದಳು.

"ಬೆರಳಚ್ಚು ಕೊಡಸ್ತೀನಿ."

"ಮೊದಲ ಆರತಿ ಮಾಡು," ಅಂದಳು.